ಎರಡು ತುಂಡಾದ ನಾಮಕರಣ

ತಂಗಿ ತೀರಿಕೊಂಡ ಮೇಲೆ ಅಮ್ಮ ಮಾಲೂರಿಗೆ ಬಂದು ನನ್ನೊಡನೆ ಇದ್ದಳು. ತಂಗಿಯ ಮಗು ತಾಯಲೂರಿನಲ್ಲಿ ತನ್ನ ಅಪ್ಪನ ಮನೆಯಲ್ಲಿತ್ತು. ಒಂದು ದಿನ ಅವರೆಕಾಯಿ ಸುಲಿಯುತ್ತ ಕುಳಿತಿದ್ದ ಅಮ್ಮ ತಲೆ ಎತ್ತದೆ ಹೇಳಿದಳು:

"ಮುಖ ಫೋಟೋದಲ್ಲಿದೆ. ಅವಳು ಹೆಂಗ್ ನಡೀತಿದ್ಲು ಅನ್ನೋದು ಮರ್ತೋಗ್ತಿದೆ ಕಣೋ."

ತಂಗಿ ನಡೆದಾಡುವುದು ಒಂದೇ ಒಂದು ಕಡೆ ಉಳಿದಿತ್ತು. ಶ್ರೀನಿವಾಸಪುರದ ನಮ್ಮ ಹಳೆಯ ಮನೆಯಲ್ಲಿ ಮಗುವಿನ ನಾಮಕರಣವಾದಾಗ ತೆಗೆಸಿದ ಅರ್ಧ ಗಂಟೆಯ ವಿಡಿಯೋ ಟೇಪು ಅದು. ಅದನ್ನು ಹಾಕಿ ನೋಡುವ ಸಾಧನ ನಮ್ಮಲ್ಲಿರಲಿಲ್ಲ. ಕೋಲಾರದ ಸ್ಟುಡಿಯೋ ಒಂದಕ್ಕೆ ಕೊಟ್ಟೆ. ಸಿ.ಡಿ.ಗೆ ಇಳಿಸಿದರೆ ಚಿತ್ರ ಮಸುಕಾಗುತ್ತದೆ, ಟೇಪಿನಲ್ಲಿದ್ದಂತೆಯೇ ಬೇಕಾದರೆ ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕ್ ತನ್ನಿ ಎಂದು ಸ್ಟುಡಿಯೋದವನು ಹೇಳಿದ. ತಂದುಕೊಟ್ಟೆ. ಅವನ ಕಂಪ್ಯೂಟರ್ ಮ್ಯಾಕ್, ನಮ್ಮ ಮನೆಯದು ವಿಂಡೋಸ್. ಅದರಿಂದ ಏನಾಗುತ್ತದೆ ಎಂದು ಆಗ ನಾನು ಯೋಚಿಸಲಿಲ್ಲ.

ಡಿಸ್ಕ್ ಮನೆಗೆ ಬಂದ ದಿನ ಅಮ್ಮ ಮುಖ ತೊಳೆದು, ಸೀರೆ ಬದಲಿಸಿ, ಕುರ್ಚಿ ಬೇಡವೆಂದು ನಿಂತೇ ಇದ್ದಳು. ತಂತಿ ಜೋಡಿಸಿದೆ. ಈ ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ ಎಂದು ಪರದೆ ಕೇಳಿತು. ಹೌದು ಎಂದರೆ ಇದ್ದದ್ದೆಲ್ಲ ಅಳಿಸಿಹೋಗುತ್ತದೆ ಎಂಬಷ್ಟು ನನಗೆ ಗೊತ್ತಿತ್ತು. ಬೇಡ ಎಂಬುದನ್ನು ಒತ್ತಿ, ತಂತಿ ಬಿಚ್ಚಿ, ಡಿಸ್ಕನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದೆ. ಅದು ಬೆಚ್ಚಗಿತ್ತು.

"ಏನಂತೆ?"

"ಈ ಕಂಪ್ಯೂಟರ್‌ಗೆ ಇದನ್ನ ಓದೋಕ್ ಬರಲ್ವಂತೆ."

"ನಂಗೂ ಬರಲ್ಲ. ಮಗಳ್ನ ನೋಡೋಕೆ ಓದ್ ಯಾಕ್ ಬೇಕು?"

ಮರುದಿನ ಕೋಲಾರಕ್ಕೆ ಹೋದೆ. ಸ್ಟುಡಿಯೋದವನು ತನ್ನ ಕಂಪ್ಯೂಟರಿಗೆ ಜೋಡಿಸಿದ ಕೂಡಲೇ ಎಲ್ಲವೂ ಕಾಣಿಸಿತು.

"ಎಲ್ಲಿಗೂ ಹೋಗಿಲ್ಲ ಸಾರ್. ನನ್ ಮಿಷನ್ನು ತೆಲುಗು, ನಿಮ್ದು ಕನ್ನಡ ಅನ್ಕೊಳಿ."

"ಈ ಕಡೆ ಎರಡೂ ಬರದೆ ಇರೋರು ಯಾರಿದಾರೆ?"

"ಅದ್ ಮನುಷ್ಯರಿಗೆ ಸಾರ್."

ಎರಡು ಕಂಪ್ಯೂಟರಿಗೂ ಅರ್ಥವಾಗುವ ಹಳೆಯ ಫಾರ್ಮ್ಯಾಟ್ ಒಂದಿದೆ, ಡಿಸ್ಕನ್ನು ಅದಕ್ಕೆ ಬದಲಿಸಿಕೊಡುತ್ತೇನೆ ಎಂದ. ವಿಡಿಯೋದ ಪ್ರತಿ ಅವನಲ್ಲಿತ್ತು, ಕಳೆಯುವ ಭಯವಿರಲಿಲ್ಲ. ಆದರೆ ಆ ಫಾರ್ಮ್ಯಾಟ್‌ನಲ್ಲಿ ಯಾವ ಫೈಲಿನ ಗಾತ್ರವೂ ನಾಲ್ಕು ಜಿ.ಬಿ. ಮೀರುವಂತಿಲ್ಲ. ನಮ್ಮದು ಮೀರಿತ್ತು.

"ಎರಡ್ ತುಂಡು ಮಾಡ್ಬೇಕು. ಎಲ್ಲಿ ಕಟ್ ಮಾಡ್ಲಿ, ನೀವೇ ಹೇಳಿ."

ಎಲ್ಲಿಯಾದರೂ ಎನ್ನಲು ಬಾಯಿ ಬರಲಿಲ್ಲ. ಅವನು ನಡುಭಾಗವನ್ನು ಓಡಿಸಿದ. ತಂಗಿ ಮಗುವಿಗೆ ಅಳಬೇಡ ತಾಯಿ ಎಂದು ತೆಲುಗಿನಲ್ಲಿ, "ಏಡವಕು ತಲ್ಲೀ, ಏಡವಕು" ಎನ್ನುತ್ತಿದ್ದಳು. ಅವನು ನಿಲ್ಲಿಸಿದ. ಅವಳ ತುಟಿ ತೆರೆದೇ ಇತ್ತು.

"ಇಲ್ಲಿ?"

"ಬೇಡ."

ಮತ್ತೊಂದು ಕಡೆ ನಿಲ್ಲಿಸಿದ. ಅವಳ ಕೈ ಮಗುವಿನ ನೆತ್ತಿಯ ಮೇಲಿತ್ತು.

"ಬೇಡ."

"ಸಾರ್, ಇನ್ನೂ ಮುಂದಕ್ ಬಿಟ್ರೆ ಮೊದಲ್ನೇ ತುಂಡೇ ನಾಲ್ಕು ಜಿ.ಬಿ. ದಾಟುತ್ತೆ."

ಅಷ್ಟರಲ್ಲಿ ತಂಗಿ ಮಗುವನ್ನು ಪಕ್ಕದವರ ಮಡಿಲಲ್ಲಿಟ್ಟು, ಹೊದಿಸಲು ಶಾಲು ತರಲೆಂದು ಎದ್ದಳು. ನಡುಮನೆ ದಾಟಿ, ಹೊಸ್ತಿಲು ಮೆಟ್ಟದೆ ಒಳಕೋಣೆಗೆ ಹೋದಳು. ಕ್ಯಾಮೆರಾ ಖಾಲಿ ಬಾಗಿಲನ್ನೇ ನೋಡುತ್ತಿತ್ತು. ಅವಳಿಲ್ಲದ ಜಾಗ ಅದೊಂದೇ. ಅಲ್ಲಿ ಕತ್ತರಿಸಿದರೆ ಅವಳಿಗೆ ತಾಗುವುದಿಲ್ಲ ಅನ್ನಿಸಿತು.

"ಇಲ್ಲಿ," ಎಂದೆ.

ಈ ಸಲ ನಮ್ಮ ಕಂಪ್ಯೂಟರ್ ಡಿಸ್ಕನ್ನು ಓದಿತು. ಅಮ್ಮ ಕುಳಿತು ನೋಡಿದಳು. ತಂಗಿ ಎದ್ದು ಒಳಕ್ಕೆ ಹೊರಟಾಗ ಮುಂದಕ್ಕೆ ಬಾಗಿದಳು.

"ಹೂಂ, ಹಿಂಗೇ. ಎಡಗಾಲು ಚೂರ್ ಆಚೆಗ್ ಹಾಕೋಳು."

ಬಾಗಿಲು ಖಾಲಿಯಾಯಿತು. ಪರದೆ ಕಪ್ಪಾಯಿತು.

"ಇನ್ನೊಂದ್ ಭಾಗ ಇದೆಯಮ್ಮ. ಶಾಲು ತಗೊಂಡ್ ಬರ್ತಾಳೆ. ಹಾಕ್ಲಾ?"

"ಆಮೇಲೆ?"

"ಆಮೇಲೆ ಆರತಿ. ಎಲ್ರೂ ಊಟಕ್ ಏಳ್ತಾರೆ. ಮುಗಿಯುತ್ತೆ."

ಅಮ್ಮ ಎದ್ದು ನಿಂತಳು.

"ಹಂಗಾದ್ರೆ ಬೇಡ. ಒಳಗಿದಾಳೆ. ಇರ್ಲಿ ಬಿಡು."

ಆಮೇಲೆಯೂ ಅವಳು ಆಗಾಗ ಮೊದಲ ಭಾಗವನ್ನು ಹಾಕಿಸಿಕೊಳ್ಳುತ್ತಿದ್ದಳು. ಬಾಗಿಲು ಖಾಲಿಯಾದ ಕೂಡಲೇ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಎರಡನೆಯದನ್ನು ತಾನಿರುವವರೆಗೂ ಕೇಳಲಿಲ್ಲ.