ಖಂಡೇನವಮಿಯ ನೀರು ಬಿದ್ದ ಕಬ್ಬಿಣದ ಪುಡಿ

ಬಾಟಲಿಯೊಳಗಿನ ಕಬ್ಬಿಣದ ಪುಡಿ ಕೆಂಪಾದದ್ದು ನಾನು ಚಿಮುಕಿಸಿದ ನೀರಿನಿಂದ. ಗಾಳಿಯಿಂದಲ್ಲ, ಧೂಳಿನಿಂದಲ್ಲ. ನಮ್ಮ ಓಣಿಯವರು ಈಗಲೂ ಇದನ್ನು ತಮಗೆ ಬೇಕಾದ ಹಾಗೆ ಹೇಳಿಕೊಂಡು ನಗುತ್ತಾರೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಮಂಗಳ ಗ್ರಹ ಭೂಮಿಗೆ ಬಹಳ ಹತ್ತಿರ ಬಂದಿದೆಯೆಂದು ಪೇಪರಿನಲ್ಲಿ ಬರೆದಿದ್ದ ವರ್ಷ ಅದು. ದುಬಲಗುಂಡಿಗೆ ಕೊಟ್ಟ ಮಗಳ ಮಗಳು ಬಸವಕಲ್ಯಾಣದಲ್ಲಿ ನನ್ನ ಹತ್ತಿರ ಇದ್ದು ಎಂಟನೇ ಇಯತ್ತೆ ಓದುತ್ತಿದ್ದಳು. ನಾನು ಎರಡನೆಯದಕ್ಕೇ ಸಾಲೆ ಬಿಟ್ಟವಳು, ಕುಬಸ ಹೊಲಿದು ಬಾಳ್ವೆ ಮಾಡಿದವಳು. ಹುಮನಾಬಾದಿನಲ್ಲಿ ಸಾಲೆ ಮಕ್ಕಳ ವಿಜ್ಞಾನ ಪ್ರದರ್ಶನ ಇತ್ತು. ಅದಕ್ಕೆಂದು ಈ ಹುಡುಗಿ ಲೇತ್ ಅಂಗಡಿಯಿಂದ ಕಬ್ಬಿಣದ ಪುಡಿ ತಂದು, ಒಣ ಮರಳಿನ ಜೊತೆ ಟಾನಿಕ್ ಬಾಟಲಿಗೆ ತುಂಬಿ, ನನ್ನ ಹೊಲಿಗೆ ಮಿಷನ್ನಿನ ಕೆಳಗಿನ ದೊಡ್ಡ ಗಾಲಿಗೆ ಕಟ್ಟಿದಳು.

"ಆಯಿ, ಇದು ಮಂಗಳದ ಧೂಳಗಾಳಿ. ನೀ ಹೊಲಿತಿರು, ಅದು ಒಳಗ ತಿರುಗ್ತಿರ್ತದ" ಅಂದಳು.

ಅವಳು ನನಗೆ ಹೇಳಿದ್ದು ಅಷ್ಟೇ. ಉಳಿದದ್ದೆಲ್ಲ ಗೊತ್ತಾದದ್ದು ಕೆಟ್ಟ ಮೇಲೆ. ಮಂಗಳದ ನೆಲ ಕೆಂಪಂತೆ. ಅಲ್ಲಿ ಏಳುವ ಧೂಳಗಾಳಿ ತಿಂಗಳುಗಟ್ಟಲೆ ನಿಲ್ಲದಂತೆ. ಕಣಕ್ಕೆ ಕಣ ತಿಕ್ಕಿ, ಕಲ್ಲಿನ ಮೈ ಒಡೆದು, ಹನಿ ನೀರಿಲ್ಲದೆಯೂ ಕಪ್ಪು ಪುಡಿ ಕೆಂಪಾಗಬಹುದು ಅಂತ ಕೆಲವರ ಅಂದಾಜಂತೆ. ಅದು ನಿಜವೋ ಸುಳ್ಳೋ ತನ್ನ ಕಣ್ಣಿನಿಂದ ನೋಡಬೇಕೆಂಬ ಹಟ ಇವಳದು.

ಮೂರು ತಿಂಗಳು ಆ ಬಾಟಲಿಯನ್ನು ತಿರುಗಿಸಿದೆ. ಗಾಲಿಯ ಒಂದು ಮಗ್ಗುಲು ಭಾರವಾಗಿ ಮಿಷನ್ ಜಗ್ಗುತ್ತಿತ್ತು. ಹೊಲಿಗೆ ಸೊಟ್ಟಾಗಿ, ಮಂಠಾಳದ ಹೆಂಗಸೊಬ್ಬಳು ಕುಬಸವನ್ನು ನನ್ನ ಮುಂದೆ ಒಗೆದು, ಕಣ್ಣು ಮಂಜಾಗ್ಯಾವೇನು ಅಂತ ಕೇಳಿ ಹೋದಳು. ಸಂಜೆಗೆ ಮೊಣಕಾಲು ಹಿಡಿಯುತ್ತಿತ್ತು. ಪುಡಿ ಮಾತ್ರ ಇದ್ದ ಹಾಗೇ ಕಪ್ಪಗೆ ಇತ್ತು.

ಖಂಡೇನವಮಿ ಬಂತು. ಆ ದಿನ ನಮ್ಮಲ್ಲಿ ದುಡಿಯುವ ಕಬ್ಬಿಣಕ್ಕೆಲ್ಲ ಪೂಜೆ. ಕತ್ತರಿ, ಸೂಜಿ, ಮಿಷನ್, ಒಂದನ್ನೂ ಬಿಡುವ ಹಾಗಿಲ್ಲ. ಹೂವಿನಿಂದ ನೀರು ಚಿಮುಕಿಸಿ, ವಿಭೂತಿ ಕುಂಕುಮ ಹಚ್ಚಿ, ಆಮೇಲೆ ಒರೆಸಿ ಎಣ್ಣೆ ಬಿಡುತ್ತೇನೆ. ಬಾಟಲಿಯಲ್ಲಿರುವುದೂ ಕಬ್ಬಿಣವೇ, ಮೂರು ತಿಂಗಳಿಂದ ದುಡಿಯುತ್ತಿರುವುದೇ. ಮುಚ್ಚಳ ತೆಗೆದು ಅದಕ್ಕೂ ನಾಲ್ಕು ಹನಿ ಹಾಕಿ ಮತ್ತೆ ಮುಚ್ಚಿದೆ. ಹುಡುಗಿ ಹಬ್ಬಕ್ಕೆ ತನ್ನ ಊರಿಗೆ ಹೋಗಿದ್ದಳು. ಕತ್ತರಿಯನ್ನು ಒರೆಸಿದ ಹಾಗೆ ಪುಡಿಯನ್ನು ಒರೆಸಲು ಬರುವುದಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಅವಳು ಊರಿಂದ ಬಂದು ನೋಡುತ್ತಾಳೆ, ಪುಡಿ ಕೆಂಪಾಗಿದೆ. ಕುಣಿದಾಡಿಬಿಟ್ಟಳು. ತುಕ್ಕು ಹಿಡಿದದ್ದಕ್ಕೆ ಇಷ್ಟು ಕುಣಿಯುವುದೇನು ಅನ್ನಿಸಿತು ನನಗೆ. ಆದರೆ ಓದುವವರ ಕೆಲಸ, ನನಗೇನು ತಿಳಿಯುತ್ತದೆ ಅಂತ ಸುಮ್ಮನಾದೆ. ಆಗ ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು.

ಹುಮನಾಬಾದಿಗೆ ನನ್ನನ್ನೂ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ಬಾಟಲಿ ನನ್ನ ತೊಡೆಯ ಮೇಲಿತ್ತು. ಪ್ರದರ್ಶನದಲ್ಲಿ ಪರೀಕ್ಷೆ ಮಾಡಲು ಬಂದ ವಯಸ್ಸಾದ ಮಾಸ್ತರರು ಬಾಟಲಿ ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಒಳಗೆ ಒಂದು ಹನಿಯಾದರೂ ನೀರು ಹೋಗಿದೆಯೇನು ಅಂತ ಕೇಳಿದರು.

"ಇಲ್ರಿ ಸರ್. ಬೇಕಾದ್ರ ನಮ್ಮ ಆಯಿಗಿ ಕೇಳ್ರಿ. ದಿನಾ ತಿರುಗಿಸಿದಾಕಿ ಆಕಿನೇ."

ಎಲ್ಲರೂ ನನ್ನ ಕಡೆ ತಿರುಗಿದರು. ನೀರಿಲ್ಲದಿರುವುದೇ ಇದರಲ್ಲಿ ಮುಖ್ಯ ಎಂದು ನನಗೆ ತಿಳಿದದ್ದು ಆ ಕ್ಷಣಕ್ಕೆ.

"ನಾ ಹಾಕೀನ್ರಿ ನೀರು" ಅಂದೆ. "ಖಂಡೇನವಮಿ ದಿನ. ನಾಕು ಹನಿ."

ಮಾಸ್ತರರು ಬಾಟಲಿ ಕೆಳಗಿಟ್ಟರು. "ಮಂಗಳ ಗ್ರಹಕ್ಕೂ ಪೂಜಿ ಮಾಡಿಸಿಬಿಟ್ರಿ ಅನ್ರಿ" ಅಂದರು. ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಹುಡುಗಿ ನಗಲಿಲ್ಲ. ಮಾಸ್ತರರು ಕೈಯಲ್ಲಿದ್ದ ಕಾಗದದ ಮೇಲೆ ಏನೋ ಹೊಡೆದುಹಾಕಿ ಮುಂದಿನ ಮೇಜಿಗೆ ಹೋದರು.

ವಾಪಸ್ ಬರುವಾಗ ಅವಳು ಬಸ್ಸಿನಲ್ಲಿ ನನ್ನಿಂದ ಮೂರು ಸೀಟು ಆಚೆ ಕೂತಳು. ಮನೆಗೆ ಬಂದ ಮೇಲೆ ಬಾಯಿ ಬಿಟ್ಟಳು.

"ಸುಮ್ಮ ಇದ್ದಿದ್ರ ಏನಾಗ್ತಿತ್ತು ನಿನಗ?"

"ಸುಮ್ಮ ಇದ್ದಿದ್ರ ನಿನಗ ಬಹುಮಾನ ಬರ್ತಿತ್ತು. ಪುಡಿ ಗಾಳಿಗೆ ಕೆಂಪಾಗತದೋ ಇಲ್ಲೋ ಅನ್ನೋದು ಗೊತ್ತಾಗ್ತಿತ್ತೇನು?"

"ಈಗ ಎರಡೂ ಇಲ್ಲ" ಅಂದು ಮಗ್ಗುಲಾದಳು.

ಸಿಟ್ಟು ನನಗೂ ಬಂದಿತ್ತು. ನೀರು ಮುಟ್ಟಿಸಬ್ಯಾಡ ಅಂತ ಒಂದು ಮಾತು ಹೇಳಲು ಇವಳಿಗೆ ಏನಾಗಿತ್ತು? ಅಷ್ಟು ಪುಸ್ತಕ ಓದಿದವಳು ಮನೆಯಲ್ಲಿ ಹಬ್ಬ ಬರುತ್ತದೆಂದು ಲೆಕ್ಕ ಹಿಡಿಯಬಾರದೇ? ನನ್ನ ಮೇಲೂ ಅಷ್ಟೇ ಸಿಟ್ಟು. ಮೂರು ತಿಂಗಳ ತುಳಿತ ನಾಲ್ಕು ಹನಿಗೆ ಹೋಯಿತು. ಹುಡುಗಿ ತಿಳಿಯಬೇಕೆಂದಿದ್ದದ್ದು ಹಾಗೇ ಉಳಿಯಿತು.

ಮರುದಿನ ಮುಂಜಾನೆ ಎದ್ದವಳೇ ಲೇತ್ ಅಂಗಡಿಯವನ ಬಾಗಿಲು ಬಡಿದು ಹೊಸ ಪುಡಿ ತಂದೆ. ಮರಳನ್ನು ಹಂಚಿನ ಮೇಲೆ ಹಾಕಿ, ಹಸಿ ಪೂರ್ತಿ ಆರುವ ತನಕ ಹುರಿದು ಆರಿಸಿದೆ. ಎರಡನ್ನೂ ಬೇರೆ ಬಾಟಲಿಗೆ ತುಂಬುವಾಗ ಹುಡುಗಿ ಮುಖ ತೊಳೆದುಕೊಂಡು ಬಂದು ಬಗ್ಗಿ ನೋಡಿದಳು. ಹಸಿ ಕೈಲೆ ಹತ್ತಿರ ಬರಬ್ಯಾಡ ಅಂತ ಗದರಿ ಆಚೆ ನಿಲ್ಲಿಸಿ, ಮೇಣಬತ್ತಿ ಹಚ್ಚಿ, ಮುಚ್ಚಳದ ಸುತ್ತ ಮೇಣ ಸುರಿದೆ.