ಹೂಮಳೆ ನಂಬಿ ದ್ವೀಪಕ್ಕೆ ಟಿಕೆಟ್

ಗೋಣಿಬೀಡಿನ ನಮ್ಮ ಮನೆಯಿಂದ ಕಾರು ಹೊರಟಾಗ ಆಕಾಶದಲ್ಲಿ ಒಂದು ತುಂಡು ಮೋಡ ಇರಲಿಲ್ಲ. ಇದನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ನಮ್ಮ ಅಂಡಮಾನ್ ಪ್ರವಾಸ ಕೆಟ್ಟದ್ದೂ ಆ ಇಲ್ಲದ ಮೋಡದಿಂದಲೇ. ವಿಮಾನ, ಬೋಟು, ಹ್ಯಾವ್ಲಾಕ್ ದ್ವೀಪದ ರೆಸಾರ್ಟು ಎಲ್ಲವನ್ನೂ ಮಗಳು ತಿಂಗಳುಗಳ ಹಿಂದೆಯೇ ಬುಕ್ ಮಾಡಿಸಿಕೊಟ್ಟಿದ್ದಳು. ಯಾವ ತಾರೀಕಿಗೆ ಅಂತ ಅವಳು ಕೇಳಿದಾಗ ನಮ್ಮನೆಯವರು ಪಂಚಾಂಗ ಬರೆದವರ ಗತ್ತಿನಲ್ಲಿ, ಶಿವರಾತ್ರಿ ಹೊತ್ತಿಗೆ ಹೂಮಳೆ ಆಗಿಯೇ ಆಗ್ತದೆ, ಅದು ಕಳೆದ ಮೇಲಿನ ವಾರಕ್ಕೆ ಮಾಡಿಸು ಅಂದಿದ್ದರು. ಅಗ್ಗದ ಟಿಕೆಟು. ಬೇಡ ಅಂದರೆ ದುಡ್ಡು ವಾಪಸ್ಸಿಲ್ಲ, ತಾರೀಕು ಬದಲಿಸುವ ಹಾಗೂ ಇಲ್ಲ. ಮಳೆ ನಂಬಿ ವಿಮಾನಕ್ಕೆ ದುಡ್ಡು ಕಟ್ಟುವ ಬುದ್ಧಿ ಕಾಫಿ ಬೆಳೆಯುವವರಿಗಲ್ಲದೆ ಇನ್ಯಾರಿಗೂ ಬರಲಿಕ್ಕಿಲ್ಲ.

ಶಿವರಾತ್ರಿ ಬಂತು, ಹೋಯಿತು. ಮಳೆ ಬರಲಿಲ್ಲ.

ನಮ್ಮ ಕಡೆಯವರಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬೇಸಿಗೆಯ ಶುರುವಿಗೆ ಹೂಮಳೆ ಅಂತ ಒಂದು ಒಳ್ಳೆಯ ಮಳೆ ಬಿದ್ದರೆ ಕಾಫಿ ಗಿಡದ ಮೊಗ್ಗೆಲ್ಲ ಒಟ್ಟಿಗೆ ಅರಳಿ ಕಾಯಿ ಕಚ್ಚುತ್ತದೆ. ಮಳೆ ಬಾರದಿದ್ದರೆ ಸ್ಪ್ರಿಂಕ್ಲರಿನಲ್ಲಿ ನಾವೇ ಮಳೆ ಹೊಯ್ಯಬೇಕು. ಎಲ್ಲಕ್ಕಿಂತ ಹಾಳು ಅರೆಬರೆ ಮಳೆ. ಅದು ಮೊಗ್ಗನ್ನು ಎಬ್ಬಿಸಿ ಕೈಬಿಡುತ್ತದೆ. ಆಮೇಲೆ ಬೇಗ ನೀರು ಕೊಡದಿದ್ದರೆ ಮೊಗ್ಗು ಅರಳದೆ ಒಣಗಿ, ವರ್ಷದ ಫಸಲು ಅಲ್ಲಿಗೆ ಮುಗಿಯಿತು. ನಮ್ಮ ಕೆರೆಯಲ್ಲಿ ಉಳಿದಿದ್ದದ್ದು ಒಂದೇ ಸುತ್ತಿನ ನೀರು. ಮೋಟರು, ಪೈಪು ಮೂರು ಮನೆಯವರು ಸೇರಿ ಕೊಂಡದ್ದು, ಸರದಿಯ ಮೇಲೆ ಬಳಸುವುದು. ಆ ದಿನಗಳಲ್ಲಿ ಸರದಿ ನಮ್ಮದು. ನಮ್ಮನೆಯವರು ಪೈಪು ಹಾಸಿಸಿಟ್ಟು, ಇನ್ನೆರಡು ದಿನದಲ್ಲಿ ಮಳೆ ಬಂದರೂ ಬರಬಹುದು, ನಾನು ಹೇಳುವ ತನಕ ಮೋಟರು ಹಾಕಬೇಡ ಅಂತ ಮೇಸ್ತ್ರಿ ಮಂಜಪ್ಪನಿಗೆ ತಾಕೀತು ಮಾಡಿ ಕಾರು ಹತ್ತಿದರು. ಬೇಲೂರು ಬರುವುದರೊಳಗೆ ಅವನಿಗೆ ಫೋನು. ಹಾಸನದಲ್ಲಿ ಇಡ್ಲಿ ತಿನ್ನುತ್ತಾ ಫೋನು. ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಇಬ್ಬರೇ ಹೊರಟ ಮೊದಲ ಪ್ರವಾಸ ಇದು, ಆದರೆ ಕಾರಿನಲ್ಲಿ ನಾವು ಮೂವರು ಇದ್ದಂತಿತ್ತು.

ರಾತ್ರಿ ಬೆಂಗಳೂರಿನಲ್ಲಿ ತಂಗಿಯ ಮನೆಯಲ್ಲಿ ಉಳಿದು ಬೆಳಿಗ್ಗೆ ಏರ್‌ಪೋರ್ಟಿಗೆ ಹೋದೆವು. ಅಗ್ಗದ ವಿಮಾನದ ಬಣ್ಣ ಅಲ್ಲಿ ಬಯಲಾಯಿತು. ಬ್ಯಾಗು ತೂಕ ಜಾಸ್ತಿ ಅಂದರು. ಬಿಚ್ಚಿ ನೋಡಿದರೆ, ನಾನು ಇಟ್ಟ ಸೀರೆಗಳ ಕೆಳಗೆ ಇವರು ರೇನ್‌ಕೋಟು, ಎರಡು ಕೊಡೆ, ಗಮ್‌ಬೂಟು ತುರುಕಿದ್ದರು. ಸಮುದ್ರಕ್ಕೆ ಗಮ್‌ಬೂಟು ಯಾಕ್ರೀ ಅಂದರೆ, ಇರಲಿ ಬಿಡು ಅಂದರು. ಆ ‘ಇರಲಿ’ಗೆ ಒಂದೂವರೆ ಸಾವಿರ ಕಟ್ಟಿದೆವು. ಇತ್ತ ನಾನು ಕೈಚೀಲದಲ್ಲಿಟ್ಟಿದ್ದ ಮಿಡಿ ಉಪ್ಪಿನಕಾಯಿಯನ್ನು ತಪಾಸಣೆಯವರು ತೆಗೆದಿಟ್ಟುಕೊಂಡರು. ಎಣ್ಣೆ ಇದೆಯಂತೆ, ಒಳಗೆ ಬಿಡುವುದಿಲ್ಲವಂತೆ. ಹೋದ ವರ್ಷದ ಮಿಡಿ, ಒಂದೂ ಮೆತ್ತಗಾಗಿರಲಿಲ್ಲ. ಹೊಟ್ಟೆ ಉರಿದುಹೋಯಿತು.

ಗೇಟಿನ ಹತ್ತಿರ ಕೂತಿದ್ದಾಗ ಮಂಜಪ್ಪನ ಫೋನು ಬಂತು. ನಸುಕಿನಲ್ಲಿ ಮಳೆಯಾಯಿತಂತೆ. ಇವರ ಮುಖ ಅರಳಿತು, ಎಷ್ಟು ಅಂತ ಕೇಳಿದರು. ನಮ್ಮಲ್ಲಿ ಮಳೆಯನ್ನು ಸೆಂಟಿನಲ್ಲಿ ಅಳೆಯುತ್ತಾರೆ, ನೂರು ಸೆಂಟಿಗೆ ಒಂದಿಂಚು. ಹೂ ಚೆನ್ನಾಗಿ ಅರಳಲು ಹತ್ತಿರ ಹತ್ತಿರ ಅಷ್ಟು ಬೇಕು. ಬಿದ್ದದ್ದು ಹದಿನೆಂಟು. ಮೊಗ್ಗು ಎಬ್ಬಿಸಲು ಸಾಕು, ಅರಳಿಸಲು ಸಾಲದು. ಇವರು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಗಾಜಿನಾಚೆಯ ಆಕಾಶ ನೋಡತೊಡಗಿದರು. ಈಗಲೇ ಮೋಟರು ಹಾಕಿಸಿ ಅಂದೆ. ಮತ್ತೆ ಮೋಡ ಕಟ್ಟಿದೆಯಂತೆ, ಸಂಜೆಗೆ ಬಂದರೂ ಬರಬಹುದು, ಈಗ ನೀರು ಸುರಿದು ಸಂಜೆ ಮಳೆ ಬಂದರೆ ಕೆರೆ ಖಾಲಿಯಾಗಿದ್ದೇ ಲಾಭ, ಕಾಯಿ ಕಚ್ಚಿದ ಮೇಲೆ ಕೊಡುವ ನೀರಿಗೆ ಎಂತ ಮಾಡುವುದು ಅಂದರು. ಅದೂ ಸರಿಯೇ. ಹಾಗಾದರೆ ಬಿಡಿ ಅಂದರೆ, ಬಿಟ್ಟರೆ ಹೂ ಹೋಗ್ತದಲ್ಲೇ ಅಂದರು. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಪಾಡು.

ಸೀಟು ಆರಿಸಿಕೊಳ್ಳಲು ಬೇರೆ ದುಡ್ಡು ಕೊಡಬೇಕಿತ್ತು, ಕೊಟ್ಟಿರಲಿಲ್ಲ. ಹಾಗಾಗಿ ನನಗೆ ಮುಂದೆ, ಇವರಿಗೆ ಶೌಚಾಲಯದ ಪಕ್ಕ. ಫೋನು ಆಫ್ ಮಾಡಿಸಿದ್ದೇ ತಡ, ಇವರ ಕೈಕಾಲು ಕಟ್ಟಿದಂತಾಯಿತು. ಎರಡು ಸಲ ನನ್ನ ಸೀಟಿನ ತನಕ ನಡೆದು ಬಂದು, ಹಾಕಿಸಬೇಕಿತ್ತೇನೋ ಅಂತ ಒಂದು ಸಲ, ಹಾಕಿಸದಿದ್ದದ್ದೇ ಒಳ್ಳೆಯದಾಯಿತೇನೋ ಅಂತ ಇನ್ನೊಂದು ಸಲ ಹೇಳಿ ಹೋದರು. ಪಕ್ಕದ ಹುಡುಗಿ, ಅಂಕಲ್‌ಗೆ ಹುಷಾರಿಲ್ವಾ ಅಂತ ಕೇಳಿದಳು. ಹೌದಮ್ಮ ಅಂದೆ. ಬಿಸಿನೀರು ಹೊಯ್ದು ಲೋಟದಲ್ಲಿ ಕೊಡುವ ಉಪ್ಪಿಟ್ಟು ಕೊಂಡು ತಿಂದೆ. ಅದಕ್ಕೆ ಉಪ್ಪಿಟ್ಟು ಅಂತ ಹೆಸರಿಟ್ಟವರು ಸಿಕ್ಕರೆ ಒಂದು ಮಾತು ಕೇಳುವುದಿದೆ.

ಪೋರ್ಟ್ ಬ್ಲೇರಿನಲ್ಲಿ ಇಳಿದಾಗ ಮೈಗೆ ಒದ್ದೆ ಕಂಬಳಿ ಹೊದಿಸಿದಂಥ ಸೆಕೆ. ಟ್ಯಾಕ್ಸಿ ಹಿಡಿದು ಬೋಟಿನ ಜೆಟ್ಟಿಗೆ ಹೋದೆವು. ಬೋಟು ತಡ ಅಂದರು, ಎಷ್ಟು ತಡ ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ತಗಡಿನ ಸೂರಿನ ಕೆಳಗೆ, ಮೀನಿನ ವಾಸನೆಯಲ್ಲಿ, ಬ್ಯಾಗಿನ ಮೇಲೆ ಕೂತು ಕಾದೆವು. ಊಟಕ್ಕೆ ಸಿಕ್ಕಿದ್ದು ಚಿಪ್ಸು ಮತ್ತು ಎಳನೀರು. ಕಡೆಗೂ ಬೋಟಿಗೆ ಹತ್ತಿ ಅಂತ ಕೂಗಿದರು. ಸಾಲಿನಲ್ಲಿ ನಿಂತಾಗಲೇ ಮಂಜಪ್ಪನ ಫೋನು ಮತ್ತೆ ಬಂತು. ಸರದಿಯಲ್ಲಿ ಮುಂದಿನವರಾದ ಪಕ್ಕದ ತೋಟದವರು, ನೀವು ನೀರು ಹೊಯ್ಯುವುದಿಲ್ಲವಾದರೆ ಪೈಪು ಕೊಡಿ ಅಂತ ಟ್ರ್ಯಾಕ್ಟರ್ ತಂದು ಗೇಟಿನಲ್ಲಿ ನಿಲ್ಲಿಸಿದ್ದರು. ಕೊಟ್ಟರೆ ಮತ್ತೆ ನಮ್ಮ ಕೈಗೆ ಬರುವುದು ವಾರದ ಮೇಲೆ. ಅಷ್ಟರಲ್ಲಿ ಮೊಗ್ಗು ಒಣಗಿರುತ್ತದೆ.

“ಅಣ್ಣ, ಪೈಪು ಕೊಡ್ಲಾ, ಮೋಟ್ರು ಹಾಕ್ಲಾ?” ಅಂತ ಮಂಜಪ್ಪ ಕೇಳುವುದು ನನಗೂ ಕೇಳಿಸಿತು.

“ತಡಿ ಮಾರಾಯ. ಮೋಡ ಹೆಂಗಿದೆ?”

ಇದೆ, ಆದರೆ ಹೇಳಲಿಕ್ಕಾಗುವುದಿಲ್ಲ ಅಂದ ಅವನು. ಗಾಳಿ ಯಾವ ಕಡೆಗೆ ಅಂತ ಇವರು ಕೇಳಿದರು. ಹಿಂದಿನವರು ತಳ್ಳುತ್ತಿದ್ದರು. ಸಿಬ್ಬಂದಿಯವನು ಹಿಂದಿಯಲ್ಲಿ ಬೈಯುತ್ತಿದ್ದ. ಬೋಟು ಹೊರಟ ಮೇಲೆ ಸಿಗ್ನಲ್ ಇರುವುದಿಲ್ಲ ಅಂತ ಆಗಲೇ ಹೇಳಿದ್ದರು. ಇವರು ಹಲಗೆಯ ಮೇಲೆ ಒಂದು ಕಾಲು, ನೆಲದ ಮೇಲೆ ಒಂದು ಕಾಲು ಇಟ್ಟುಕೊಂಡು, ತಡಿ, ತಡಿ ಅಂತಲೇ ಇದ್ದರು. ನನ್ನ ಪಿತ್ತ ನೆತ್ತಿಗೇರಿತು. ಫೋನನ್ನು ಅವರ ಕೈಯಿಂದ ಕಿತ್ತುಕೊಂಡೆ.

“ಮಂಜಪ್ಪ, ನಾನು ಹೇಳ್ತಿದ್ದೀನಿ. ಮೋಟ್ರು ಹಾಕು. ಪೈಪು ಕೊಡ್ಬೇಡ.”

ಆಯ್ತಮ್ಮ ಅಂದ ಅವನು. ನಾನು ಫೋನನ್ನು ನನ್ನ ಬ್ಯಾಗಿಗೆ ಹಾಕಿಕೊಂಡು ಬೋಟು ಹತ್ತಿದೆ.

ಬೋಟಿನೊಳಗೆ ಗಾಜು ಮುಚ್ಚಿದ ಎ.ಸಿ. ಕೋಣೆ, ಕಿಟಕಿಗೆಲ್ಲ ಉಪ್ಪು ಹಿಡಿದು ಸಮುದ್ರ ಕಾಣದು, ಟಿವಿಯಲ್ಲಿ ಕಿವಿ ಹರಿಯುವ ಹಾಡು. ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ವಾಂತಿ ಚೀಲ ಬಿಚ್ಚಿದರು. ನನ್ನ ಚಿಂತೆ ಅಲೆಯದ್ದಲ್ಲ. ಸಂಜೆ ಮಳೆ ಸುರಿದರೆ? ಕೆರೆ ಬರಿದು ಮಾಡಿಸಿದವಳು ನಾನು. ಹೆಂಡತಿ ಮಾತು ಕೇಳಿ ಕೆಟ್ಟ ಅಂತ ಊರವರು ಇವರನ್ನು ಆಡಿಕೊಳ್ಳುತ್ತಾರೆ, ಇವರು ಸಾಯುವ ತನಕ ನನಗೆ ಅಂದು ತೋರಿಸುತ್ತಾರೆ. ಯಾಕಾದರೂ ಬಾಯಿ ಹಾಕಿದೆನೋ ಅಂತ ನಿಜಕ್ಕೂ ಹೆದರಿದೆ. ಇವರಿಗೆ ಸಿಟ್ಟು ಬಂದಿದೆ ಅಂದುಕೊಂಡು ಮೆಲ್ಲಗೆ ತಿರುಗಿ ನೋಡಿದರೆ, ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದರು.

ಹ್ಯಾವ್ಲಾಕಿನಲ್ಲಿ ರೆಸಾರ್ಟಿನ ಜೀಪು ಬಂದಿತ್ತು. ಕೋಣೆಯಿಂದ ಸಮುದ್ರ ಕಾಣುತ್ತದೆ ಅಂತ ಫೋಟೋದಲ್ಲಿ ತೋರಿಸಿದ್ದರು. ಕಾಣುತ್ತಿತ್ತು, ಸ್ನಾನದ ಮನೆಯ ಕಿಟಕಿಯಿಂದ, ಸ್ಟೂಲು ಹತ್ತಿದರೆ. ಕೋಣೆಯಲ್ಲಿ ಸಿಗ್ನಲ್ ಇಲ್ಲ, ವೈಫೈ ರಿಸೆಪ್ಷನ್ನಿನಲ್ಲಿ ಮಾತ್ರ, ಅದೂ ಬಂದರೆ ಬಂತು. ಇವರು ಪಂಚೆ ಮೇಲಕ್ಕೆ ಕಟ್ಟಿ, ಕೋಣ ಕೆರೆಗೆ ಇಳಿದ ಹಾಗೆ ನೇರ ನೀರಿಗಿಳಿದರು. ಫೋನು ಎಲ್ಲಿ ಅಂತಲೂ ಕೇಳಲಿಲ್ಲ. ನಾನು ರಿಸೆಪ್ಷನ್ನಿನ ಕಂಬಕ್ಕೊರಗಿ, ಫೋನನ್ನು ಅತ್ತ ಇತ್ತ ಎತ್ತಿ ಹಿಡಿಯುತ್ತಾ ನಿಂತೆ. ಅಷ್ಟು ದೂರದಿಂದ ಬಂದು, ಸೂರ್ಯ ಮುಳುಗುವುದಕ್ಕೂ ಬೆನ್ನು ಹಾಕಿ ನಿಂತವಳು ಇಡೀ ರೆಸಾರ್ಟಿನಲ್ಲಿ ನಾನೊಬ್ಬಳೇ.

ಕತ್ತಲಾಗುತ್ತಾ ಬಂದಾಗ ಮಂಜಪ್ಪನ ಧ್ವನಿ ಸಂದೇಶ ಬಂತು. ಮೋಡವೆಲ್ಲ ಚಿಕ್ಕಮಗಳೂರು ಕಡೆಗೆ ಹೋಯಿತು, ನಮ್ಮಲ್ಲಿ ಹನಿ ಇಲ್ಲ, ಮೋಟರು ಓಡುತ್ತಿದೆ, ಕೆಳಗಿನ ತುಂಡು ಚೆನ್ನಾಗಿ ನೆನೆಯಿತು, ನಾಳೆ ಸಂಜೆಯೊಳಗೆ ಮೇಲಿನದೂ ಮುಗಿಯುತ್ತದೆ ಅಂತ. ಹಿಂದುಗಡೆ ಸ್ಪ್ರಿಂಕ್ಲರಿನ ಚಟಚಟ ಸದ್ದು ಕೇಳುತ್ತಿತ್ತು. ನನಗೆ ಅಳು ಬಂತು. ಚಪ್ಪಲಿ ಹಾಕಿಕೊಂಡೇ ನೀರಿನ ಅಂಚಿಗೆ ಓಡಿ ಹೋಗಿ ಹೇಳಿದೆ, ಮಳೆ ಬರಲಿಲ್ಲವಂತೆ, ಹೂ ಉಳಿಯಿತಂತೆ ಅಂತ.

ಕುತ್ತಿಗೆ ಮಟ್ಟ ನೀರಿನಲ್ಲಿದ್ದ ಮನುಷ್ಯ ತಿರುಗಿ ನೋಡಿ, “ಒಳ್ಳೇದಾಯ್ತು. ನೀನು ಹೇಳಿದ್ಮೇಲೆ ನಂಗೆ ಅಲ್ಲೇ ಹಗುರ ಆಗಿಬಿಟ್ಟಿತ್ತು ಮಾರಾಯ್ತಿ. ಇಷ್ಟು ವರ್ಷ ಒಬ್ಬನೇ ಹೊತ್ತು ಸಾಕಾಗಿತ್ತು” ಅಂದರು.

ಇಪ್ಪತ್ತಾರು ಹೂಮಳೆಗೆ ಈ ಮನುಷ್ಯ ನಿದ್ದೆಗೆಟ್ಟು ಜಗಲಿಯಲ್ಲಿ ಓಡಾಡಿದ್ದನ್ನು ಕಂಡಿದ್ದೇನೆ. ಒಂದು ಸಲವೂ ನನ್ನನ್ನು ಕೇಳಿದವರಲ್ಲ. ಸಿಟ್ಟು ಮಾಡಿಕೊಳ್ಳಲೋ ಪಾಪ ಅನ್ನಲೋ ತಿಳಿಯದೆ ಅಲ್ಲೇ ಮರಳಿನ ಮೇಲೆ ಕೂತೆ.

ಉಳಿದ ದಿನಗಳಲ್ಲಿ ಇವರು ಮೀನು ನೋಡಿದರು, ಹವಳ ನೋಡಿದರು, ಮೈಯೆಲ್ಲ ಕಪ್ಪಾಗಿಸಿಕೊಂಡರು. ನಾನು ಹೆಚ್ಚಾಗಿ ರಿಸೆಪ್ಷನ್ ನೋಡಿದೆ. ಊರಿಗೆ ಮರಳಿದ ಮರುದಿನ ಬೆಳಿಗ್ಗೆ ಮಂಜಪ್ಪ ಅಂಗಳಕ್ಕೆ ಬಂದ. ಇವರು ಜಗಲಿಯಲ್ಲೇ ಕೂತು ಪೇಪರು ಓದುತ್ತಿದ್ದರು. ಅವನು ಅವರನ್ನು ದಾಟಿಕೊಂಡು ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತು ಕೇಳಿದ.

“ಅಮ್ಮಾ, ಪೈಪು ಇನ್ನೊಂದು ದಿನ ಬೇಕಂತೆ ಪಕ್ಕದವ್ರಿಗೆ, ಕೊಡ್ಲಾ?”

ಇವರು ಪೇಪರಿನಿಂದ ತಲೆ ಎತ್ತಲಿಲ್ಲ.