ನಾಲ್ಕು ನಿಮಿಷ ನಿಂತವರು

ನಮ್ಮ ಮನೆಯಲ್ಲಿ ಈ ಸಂಗತಿಯನ್ನು ನಗುತ್ತಾ ಹೇಳುತ್ತಾರೆ. "ಹುಡುಗ ದೊಡ್ಡಪ್ಪನ ವಿರುದ್ಧ ವಾದ ಮಾಡಾಕ ಹೋದ, ಅವನ ಫೋಟೋನೇ ದೊಡ್ಡಪ್ಪನ್ನ ಗೆಲ್ಲಿಸ್ತು." ನೆಂಟರು ನಗುತ್ತಾರೆ. ಆಮೇಲೆ ಯಾರಾದರೂ ಸೇರಿಸುತ್ತಾರೆ, "ಪಾಪ, ಹತ್ತಿ ವ್ಯಾಪಾರದ ಮನುಷ್ಯಾಗೆ ಕ್ಯಾಮೆರಾದ ಗುಟ್ಟು ಏನು ಗೊತ್ತು?" ನನ್ನ ತಕರಾರು ಆ 'ಪಾಪ'ದ ಮೇಲೆ. ದೊಡ್ಡಪ್ಪ ಗೆದ್ದದ್ದು ನಿಜ. ಗೊತ್ತಿರಲಿಲ್ಲ ಅನ್ನುವುದಕ್ಕೆ ಏನು ಆಧಾರ?

ಆಗ ನಾನು ದಾವಣಗೆರೆಯಲ್ಲಿ ಕಾಲೇಜು ಓದುತ್ತಾ ಕೆ.ಬಿ. ಬಡಾವಣೆಯ ದೊಡ್ಡಪ್ಪನ ಮನೆಯಲ್ಲಿದ್ದೆ. ಚರ್ಚಾಸ್ಪರ್ಧೆಯಲ್ಲಿ ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ, ಯಾವ ಕಡೆ ನಿಲ್ಲಿಸಿದರೂ ಗೆದ್ದು ಬರುತ್ತಿದ್ದೆ. ಇನ್ನೊಂದು ಹುಚ್ಚು ಫೋಟೋದ್ದು. ನಾನು ಸಂಜೆ ಹೋಗಿ ಕೂರುತ್ತಿದ್ದ ಸ್ಟುಡಿಯೋದ ಯಜಮಾನರು ಬೊಂಬಾಯಿಯಿಂದ ಒಂದು ಕರಿಯ ಫಿಲ್ಟರ್ ತರಿಸಿದ್ದರು. ಡಬ್ಬಿಯ ಮೇಲೆ ನ್ಯೂಟ್ರಲ್ ಡೆನ್ಸಿಟಿ ಎಂದಿತ್ತು. ಕಿಟಕಿಗೆ ಹಿಡಿದರೆ ಹಗಲೇ ಕಾಣದಷ್ಟು ಕಪ್ಪು. "ಬಿಸಿಲನ್ನ ಸೋಸಿ ಹನಿ ಹನಿ ಕುಡಿಸ್ತತೆ ನೋಡು ಇದು" ಎಂದಿದ್ದರು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಫೋಟೋಕ್ಕೆ ಇದನ್ನು ಹಾಕಿದರೆ ನಾಲ್ಕು ನಿಮಿಷ ಬೇಕು. ಆ ನಾಲ್ಕು ನಿಮಿಷದಲ್ಲಿ ಹರಿಯುವ ನೀರು ಹಾಲಿನ ಕೆನೆಯಾಗುತ್ತದೆ. ನಡೆಯುವ ಮನುಷ್ಯ ಎಲ್ಲೂ ಫಿಲಂ ಹಿಡಿಯುವಷ್ಟು ಹೊತ್ತು ನಿಲ್ಲುವುದಿಲ್ಲವಾದ್ದರಿಂದ ಚಿತ್ರದಲ್ಲಿ ಇರುವುದೇ ಇಲ್ಲ.

ಹಾಗಾಗಿ ಚಿತ್ರ ಕಟ್ಟುವುದೂ ಬೇರೆಯೇ ಕೆಲಸ. ಫಿಲ್ಟರ್ ಹಾಕಿದ ಮೇಲೆ ಏನೂ ಕಾಣದು. ಅದಕ್ಕೆ ಮುಂಚೆಯೇ ಕರಿಬಟ್ಟೆ ಹೊದ್ದು, ಕ್ಯಾಮೆರಾದ ಹಿಂದಿನ ಮಸುಕು ಗಾಜಿನಲ್ಲಿ ತಲೆಕೆಳಗಾಗಿ ಬೀಳುವ ನೋಟವನ್ನು ನೋಡಿ, ಯಾವುದು ಉಳಿಯುತ್ತದೆ, ಯಾವುದು ಕರಗುತ್ತದೆ ಎಂದು ತೀರ್ಮಾನಿಸಿಬಿಡಬೇಕು.

ಒಂದು ಬೆಳಿಗ್ಗೆ ಹರಿಹರದ ಹೊಳೆದಂಡೆಯಲ್ಲಿ, ದೊಡ್ಡಪ್ಪನ ಜಾಗದ ಅಂಚಿನ ಹೊಂಗೆಮರದ ಮರೆಯಲ್ಲಿ ಕ್ಯಾಮೆರಾ ಇಟ್ಟೆ. ಮರೆ ಯಾಕೆಂದರೆ ನಮ್ಮ ಜನ ಕ್ಯಾಮೆರಾ ಕಂಡರೆ ಸಾಕು, ಸೆರಗು ಸರಿಮಾಡಿ ಕಂಬದಂತೆ ನಿಂತುಬಿಡುತ್ತಾರೆ. ಎಡಕ್ಕೆ ಕಾಲುದಾರಿ, ಬಲಕ್ಕೆ ಎರಡು ಬಂಡೆ, ಆಚೆ ನೀರು. ಹೊಳೆದಂಡೆಯ ತೋಟದ ಹೆಂಗಸರು ಸೊಪ್ಪು, ಬದನೆಕಾಯಿ ಹೊತ್ತು ಮಾರ್ಕೆಟ್ಟಿಗೆ ಹೋಗುವ ದಾರಿ ಅದು. ನಾನು ನಾಲ್ಕು ನಿಮಿಷ ಎಣಿಸುವಷ್ಟರಲ್ಲಿ ಹತ್ತು ಮಂದಿಯಾದರೂ ದಾಟಿಹೋದರು. ಪ್ರಿಂಟಿನಲ್ಲಿ ಒಬ್ಬರೂ ಇರಲಿಲ್ಲ.

ದೊಡ್ಡಪ್ಪ ಅದನ್ನು ಕೈಯಲ್ಲಿ ಹಿಡಿದು ನೋಡಿದರು. "ಇದರಾಗ ಒಬ್ರೂ ಇಲ್ಲಲ್ಲೋ!"

ಯಾಕೆ ಇಲ್ಲ ಎಂದು ನಾನು ಕಾಲು ಗಂಟೆ ಭಾಷಣ ಮಾಡಿದೆ. ಅವರು ಪೇಪರ್ ಓದುತ್ತಾ "ಹ್ಞೂಂ, ಹ್ಞೂಂ" ಎನ್ನುತ್ತಿದ್ದರು. ಕೊನೆಗೆ, "ಚಲೋ ಐತೆ. ಒಂದು ಪ್ರತಿ ನನಗಿರ್ಲಿ" ಎಂದರು. ಅವತ್ತು ನಾನು ಉಬ್ಬಿಹೋದೆ.

ಹದಿನೈದು ದಿನ ಕಳೆದು, ಊಟಕ್ಕೆ ಕೂತಾಗ ತಿಳಿಯಿತು. ಅವರು ಜಾಗಕ್ಕೆ ಬೇಲಿ ಹಾಕಿ ಗೋದಾಮು ಕಟ್ಟಿಸುವವರಿದ್ದರು. ಹೆಂಗಸರು ತಮ್ಮ ದಾರಿ ಮುಚ್ಚಿಹೋಗುತ್ತದೆಂದು ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಿದ್ದರು. ಅದಕ್ಕೆ ಉತ್ತರವಾಗಿ, ಆ ದಾರಿಯಲ್ಲಿ ಯಾರೂ ಓಡಾಡುವುದಿಲ್ಲವೆಂದು ದೊಡ್ಡಪ್ಪ ನನ್ನ ಫೋಟೋ ಕಳಿಸಿದ್ದರು.

"ಅದು ಸುಳ್ಳಾಗ್ತದೆ ದೊಡ್ಡಪ್ಪ."

"ಫೋಟೋ ಎಲ್ಲಾದ್ರೂ ಸುಳ್ಳು ಹೇಳ್ತತೇನಲೇ? ತೆಗೆದಾಂವ ನೀನೇ."

ಬೇಲಿ ಬಿದ್ದರೆ ಆ ಹೆಂಗಸರು ದೊಡ್ಡ ರಸ್ತೆ ಸುತ್ತಿ ಬರಬೇಕು. ಬರುವಷ್ಟರಲ್ಲಿ ಸಗಟು ಕೊಳ್ಳುವವರು ಎದ್ದು ಹೋಗಿರುತ್ತಾರೆ. ಬಿಸಿಲಿಗೆ ಸೊಪ್ಪು ಬಾಡುತ್ತದೆ. ಇಷ್ಟೂ ನನ್ನ ಕೆನೆಯಂಥ ಹೊಳೆಯಿಂದ.

ಸ್ಥಳ ನೋಡಲು ಅಧಿಕಾರಿ ಬಂದ ದಿನ ನಾನೂ ಕ್ಯಾಮೆರಾ ಹೊತ್ತು ಹರಿಹರಕ್ಕೆ ಹೋದೆ. ಸ್ಟುಡಿಯೋದವರು ಕೊಟ್ಟಿದ್ದು ಒಂದೇ ಫಿಲಂ. ನಡೆಯುವವರು ಇದರಲ್ಲಿ ಬೀಳುವುದಿಲ್ಲ ಎಂದು ಅಧಿಕಾರಿಗೆ ವಿವರಿಸಿದೆ. ಅವರು ನಕ್ಕರು. "ನನ್ನ ಕಣ್ಣೆದುರಿಗೇ ಇನ್ನೊಂದು ತೆಗಿ. ಇವರು ಮಾಯ ಆದ್ರೆ ನಿನ್ನ ಮಾತು ಒಪ್ತೀನಿ."

ಎಂಟು ಜನ ಹೆಂಗಸರು ಬಂದಿದ್ದರು. ಅವರಲ್ಲಿ ಹಿರಿಯಾಕೆ, ಬದನೆಕಾಯಿ ಬುಟ್ಟಿ ಹೊತ್ತಾಕೆ, ಕೇಳಿದಳು: "ಮಾಯ ಆಗಾಕ ನಾವೇನು ದೆವ್ವನೇನೋ ತಮ್ಮ?"

"ನಡೀತಾ ಇರ್ರವ್ವ, ಅಷ್ಟೇ. ದಿನಾ ಹೆಂಗೆ ಹೋಗ್ತೀರೋ ಹಂಗೆ. ಆ ತುದಿಗೆ ಹೋಗಿ ತಿರುಗಿ ಬರ್ರಿ."

ಅದೇ ಹೊಂಗೆಮರ, ಅದೇ ಬಂಡೆ. ಈ ಸಲ ಮರೆ ಇಲ್ಲ, ಸುತ್ತ ಜನ, ಅವರಲ್ಲಿ ದೊಡ್ಡಪ್ಪನೂ. ಫಿಲ್ಟರ್ ಹಾಕಿ ಲೆನ್ಸಿನ ಮುಚ್ಚಳ ತೆಗೆದೆ. ಅಧಿಕಾರಿ ಕೈಗಡಿಯಾರ ಹಿಡಿದು ನಿಂತರು. ಇಪ್ಪತ್ತು ಎಣಿಸುವವರೆಗೆ ಎಲ್ಲರೂ ನಡೆದರು. ಆಮೇಲೆ ಎಲ್ಲರಿಗಿಂತ ಚಿಕ್ಕವಳೊಬ್ಬಳು ಕ್ಯಾಮೆರಾ ಕಡೆ ತಿರುಗಿದಳು. ನಿಂತಳು. ಸೆರಗು ಎಳೆದುಕೊಂಡಳು. ಅವಳ ಹಿಂದಿನವಳೂ ನಿಂತಳು. ನಿಂತರೆ ಫೋಟೋದಲ್ಲಿ ಬೀಳುತ್ತಾರೆ. ಬಿದ್ದರೆ ಅಧಿಕಾರಿ ಅನ್ನುವುದಿಷ್ಟೆ: ಇದ್ದವರು ಬಿದ್ದಿದ್ದಾರೆ, ಅಂದಮೇಲೆ ಮೊದಲ ಫೋಟೋ ತೆಗೆದಾಗ ದಾರಿಯಲ್ಲಿ ಯಾರೂ ಇರಲಿಲ್ಲ. ಕ್ಯಾಮೆರಾ ಬಿಟ್ಟು ಓಡುವಂತಿಲ್ಲ, ಮುಚ್ಚಳ ಹಾಕಿದರೆ ಇನ್ನೊಂದು ಫಿಲಂ ಇಲ್ಲ.

"ನಿಂದ್ರಬ್ಯಾಡ್ರವ್ವಾ! ನಡೀರಿ!" ಎಂದು ಕೂಗಿದೆ.

ಇಬ್ಬರೂ ಬೆಚ್ಚಿ ಹೆಜ್ಜೆ ಎತ್ತಿದರು. ಅಷ್ಟರಲ್ಲಿ ನನ್ನ ಬೆನ್ನ ಹಿಂದಿನಿಂದ ದೊಡ್ಡಪ್ಪನ ಗಂಟಲು: "ಏ, ಫೋಟೋ ತೆಗೀತಾನೆ! ಅಳ್ಳಾಡಬ್ಯಾಡ್ರಿ! ನೆಟ್ಟಗ ನಿಂದ್ರಿ!"

ಮೀಸೆ ಸರಿಯಾಗಿ ಬಾರದ ನನ್ನ ಮಾತೋ, ಜಾಗದ ಧಣಿಯ ಮಾತೋ? ಅದೂ ಫೋಟೋ ಮುಂದೆ ಅಳ್ಳಾಡಬಾರದು ಅನ್ನುವುದು ಹಸುಗೂಸಿಗೂ ಗೊತ್ತಿರುವ ಕಾನೂನು. ಒಬ್ಬೊಬ್ಬರಾಗಿ ನಿಂತರು. ಉಸಿರು ಬಿಗಿಹಿಡಿದು, ನನ್ನನ್ನೇ ನೋಡುತ್ತಾ, ನನಗೆ ಉಪಕಾರ ಮಾಡುವವರಂತೆ ನಿಂತರು. ನಾನು ಕೂಗಿದಷ್ಟೂ ಇನ್ನೂ ಬಿಗಿಯಾದರು. ಹಿರಿಯಾಕೆ ಮಾತ್ರ, "ನನ್ನ ಮಾರಿ ಯಾವ ಫೋಟೋಕ್ಕೆ ಬೇಕು, ಮಾರ್ಕೆಟ್ ಮುಗೀತತೆ" ಎಂದು ಬುಟ್ಟಿ ಹೊತ್ತು ಎಲ್ಲರ ಮುಂದೆಯೇ ದಾಟಿಹೋದಳು.

ಮರುದಿನ ಡಾರ್ಕ್‌ರೂಮಿನ ಕೆಂಪು ಬೆಳಕಿನಲ್ಲಿ ಏಳು ಮುಖಗಳು ಮೂಡಿದವು. ಎಣಿಸಿದೆ. ಮತ್ತೆ ಎಣಿಸಿದೆ. ಏಳೇ. ಪ್ರಿಂಟ್ ಹಿಡಿದು ಅಧಿಕಾರಿಯ ಹತ್ತಿರ ಓಡಿದೆ.

"ಎಂಟು ಜನ ಇದ್ರು ಸಾಹೇಬ್ರೆ. ಎಂಟನೇಯಾಕಿ ಎಲ್ಲಿ? ಆಕಿ ನಡೆದಳು, ಅದಕ್ಕೇ ಇಲ್ಲ."

ಅವರು ಕನ್ನಡಕ ಏರಿಸಿ ನೋಡಿದರು. ಕೆಟ್ಟ ಮನುಷ್ಯರಲ್ಲ. "ನಾನು ಗಡಿಯಾರ ನೋಡ್ತಿದ್ದೆನಪ್ಪ, ತಲೆ ಎಣಿಸ್ಲಿಲ್ಲ. ಇದ್ದವರು ಕಾಣ್ತಾರೆ. ಇಲ್ಲದಾಕಿನ್ನ ಹೆಂಗೆ ಬರಕೊಳ್ಳಿ?"

ಅರ್ಧ ಗಂಟೆ ವಾದಿಸಿದೆ. ಹಿರಿಯಾಕೆಯನ್ನೇ ಕರೆತರುತ್ತೇನೆಂದೆ. ಅರ್ಜಿ ಕೊಟ್ಟಾಕೆಯೇ ಅರ್ಜಿಗೆ ಸಾಕ್ಷಿಯೇ ಎಂದು ಕೇಳಿದರು. ಜನ ಬೀಳುವುದಿಲ್ಲ ಎಂದು ಪಣ ಕಟ್ಟಿದವನು ನಾನು, ಬಿದ್ದಿದ್ದಾರೆ. ತೀರ್ಪುಗಾರನ ಕುರ್ಚಿಯಲ್ಲಿ ನಾನಿದ್ದರೂ ನನಗೆ ಅಂಕ ಕೊಡುತ್ತಿರಲಿಲ್ಲ.

ಬೇಲಿ ಬಂತು. ಆ ಹೆಂಗಸರು ಈಗ ರಸ್ತೆ ಸುತ್ತಿ ಬರುತ್ತಾರೆ, ಮಾರ್ಕೆಟ್ಟಿನಲ್ಲಿ ಉಳಿದ ಗಿರಾಕಿಗಳು ಕೇಳಿದ ಬೆಲೆಗೆ ಕೊಟ್ಟು ಹೋಗುತ್ತಾರೆ. ಹಿರಿಯಾಕೆ ನನ್ನನ್ನು ಕಂಡರೆ ಮಾತಾಡುವುದಿಲ್ಲ.

ದೊಡ್ಡಪ್ಪನ ಪರವಾಗಿಯೂ ವಾದಿಸಿ ನೋಡಿದ್ದೇನೆ. ಫೋಟೋ ತೆಗೆಯುವಾಗ ಅಳ್ಳಾಡಬೇಡಿ ಅನ್ನದವರು ಯಾರು? ಅಕ್ಕನ ಮದುವೆಯಲ್ಲಿ ಅವರು ಬೀಗರಿಗೂ ಅಂದಿದ್ದರು. ನನ್ನ ಭಾಷಣದ ಹೊತ್ತಿಗೆ ಅವರ ಮುಂದೆ ಪೇಪರಿತ್ತು, ಕಿವಿ ಎಲ್ಲಿತ್ತೋ ಯಾರಿಗೆ ಗೊತ್ತು. ವಿರೋಧವಾಗಿ ವಾದಿಸಲು ನನ್ನ ಬಳಿ ಇರುವುದು ಒಂದೇ ಅಂಶ: ನಾನು "ನಡೀರಿ" ಎಂದು ಕೂಗಿದ ಮೇಲೆ ಅವರು ಕೂಗಿದರು, ಮುಂಚೆ ಅಲ್ಲ.

ಮೊನ್ನೆ ಹತ್ತಿ ಮಂಡಿಯಲ್ಲಿ ದೊಡ್ಡಪ್ಪ ಒಬ್ಬರೇ ಇದ್ದರು. ಹತ್ತಿ ತುಂಬಿದ ಅಂಡಿಗೆಯಿಂದ ಒಂದು ಚಿಟಿಕೆ ಕಿತ್ತು ಎರಡು ಬೆರಳಲ್ಲಿ ಎಳೆ ಎಳೆದು ಉದ್ದ ನೋಡುತ್ತಿದ್ದರು. ಎದುರಿಗೆ ಕೂತು ಕೇಳಿದೆ:

"ದೊಡ್ಡಪ್ಪ, ಅವತ್ತು ನೀವು 'ಅಳ್ಳಾಡಬ್ಯಾಡ್ರಿ' ಅಂದದ್ದು ಎಲ್ಲರೂ ಅಂತಾರಂತ ಅಂದ್ರೋ, ನಿಂತವರಷ್ಟೇ ಬೀಳ್ತಾರಂತ ಗೊತ್ತಿದ್ದು ಅಂದ್ರೋ?"